ಬ್ಲಿಟ್ಜ್ ಬಂದಾಗ ಯಾವ ಪಾಸ್ ಆಡಬೇಕು? ಮಗನ ಕೈಲಿ ಸೋತು ಸಾಕಾಗಿದೆ

ಪ್ಲೇನೋ ಅಪ್ಪ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಮೊದಲ ಹತ್ತು ವರ್ಷ ಈ ಅಮೆರಿಕನ್ ಫುಟ್‌ಬಾಲ್ ತಲೆಗೇ ಹತ್ತಲಿಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುತ್ತಾರೆ ಅಷ್ಟೇ ಅಂದುಕೊಂಡಿದ್ದೆ. ಈಗ ಮಗನಿಗೆ ಹದಿಮೂರು. ಶನಿವಾರ ರಾತ್ರಿ ಊಟ ಆದ ಮೇಲೆ ಅವನ ಜೊತೆ ಮ್ಯಾಡನ್ ಗೇಮ್ ಆಡುತ್ತೇನೆ, ಭಾನುವಾರ ಇಬ್ಬರೂ ಕೂತು ಮ್ಯಾಚ್ ನೋಡುತ್ತೇವೆ.

ಸಮಸ್ಯೆ ಏನಪ್ಪಾ ಅಂದರೆ ಇವನು ಪ್ರತೀ ಥರ್ಡ್ ಡೌನ್‌ಗೂ (ಹತ್ತು ಯಾರ್ಡ್ ಸಾಗೋಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಬ್ಲಿಟ್ಜ್ ಕಳಿಸುತ್ತಾನೆ, ಅಂದರೆ ಮಾಮೂಲಿಗಿಂತ ಹೆಚ್ಚು ಜನರನ್ನು ಪಾಸ್ ಎಸೆಯುವವನ ಮೇಲೆ ನುಗ್ಗಿಸುತ್ತಾನೆ. ಉಳಿದವರನ್ನು ಮ್ಯಾನ್ ಕವರೇಜ್‌ನಲ್ಲಿ, ಅಂದರೆ ಒಬ್ಬೊಬ್ಬನೂ ನನ್ನ ಒಬ್ಬೊಬ್ಬ ಆಟಗಾರನನ್ನು ಹಿಂಬಾಲಿಸುವ ಹಾಗೆ, ನಿಲ್ಲಿಸುತ್ತಾನೆ. ನಾನು ಯಾರಿಗೆ ಎಸೆಯಬೇಕು ಅಂತ ನೋಡುವಷ್ಟರಲ್ಲಿ ನನ್ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಅಂಗಾತ ಬಿದ್ದಿರುತ್ತಾನೆ. ಕಳೆದ ವಾರ ಒಂದೇ ಆಟದಲ್ಲಿ ಒಂಬತ್ತು ಸ್ಯಾಕ್, ಅಂದರೆ ಒಂಬತ್ತು ಸಲ ಎಸೆಯುವ ಮೊದಲೇ ಬೀಳಿಸಿದ. ಹೆಂಡತಿ ಅಡುಗೆಮನೆಯಿಂದಲೇ ನಗುತ್ತಾಳೆ.

ಇದಕ್ಕೆ ಅಂತ ಒಂದು ಒಳ್ಳೆಯ ಪಾಸ್ ಪ್ಲೇ ಹೇಳಿ. ಒಂದೇ ಒಂದು ಸಾಕು, ಬಾಯಿಪಾಠ ಮಾಡಿಕೊಳ್ಳುತ್ತೇನೆ.

ಮಿಲ್ವಾಕಿ ಮೈಸೂರಿಗ

ಸ್ಲ್ಯಾಂಟ್. ಕಣ್ಣು ಮುಚ್ಚಿಕೊಂಡು ಸ್ಲ್ಯಾಂಟ್ ಎಸೀರಿ. ರಿಸೀವರ್ (ಪಾಸ್ ಹಿಡಿಯುವವನು) ಮೂರು ಹೆಜ್ಜೆ ಮುಂದೆ, ಆಮೇಲೆ ಒಳಗಡೆ ಓರೆಯಾಗಿ ಓಟ, ಚೆಂಡು ಕೈಗೆ. ಬ್ಲಿಟ್ಜ್ ಬಂದ ಜಾಗ ಖಾಲಿ ಇರುತ್ತೆ, ಅಲ್ಲಿಗೇ ಎಸೆಯೋದು. ಮುಗೀತು.

ಹಳೇ ಸೇಫ್ಟಿ

ಕಣ್ಣು ಮುಚ್ಚಿಕೊಂಡು ಸ್ಲ್ಯಾಂಟ್ ಎಸೆದವರ ಕತೆ ಆಮೇಲೆ ಹೇಳುತ್ತೇನೆ. ಮೊದಲು ಪ್ಲೇನೋ ಅಪ್ಪನವರಿಗೆ ಒಂದು ಮಾತು. ಸಾರ್, ಪ್ಲೇ ಹುಡುಕುವ ಮೊದಲು ಲೆಕ್ಕ ಹಾಕಿ. ಪ್ರೈಮರಿ ಸ್ಕೂಲ್ ಲೆಕ್ಕ, ಹೆದರಬೇಡಿ.

ನಿಮ್ಮ ಕಡೆ ಹನ್ನೊಂದು ಜನ, ಅವರ ಕಡೆ ಹನ್ನೊಂದು ಜನ. ಆದರೆ ನಿಮ್ಮ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ನಿಂತಿರುತ್ತಾನೆ. ಅವನು ಯಾರನ್ನೂ ತಡೆಯುವುದಿಲ್ಲ, ಪಾಸ್ ಹಿಡಿಯುವುದಕ್ಕೂ ಓಡುವುದಿಲ್ಲ. ಅಂದರೆ ಕೆಲಸಕ್ಕೆ ಬರುವವರು ಹತ್ತೇ ಜನ. ಅವರು ಹನ್ನೊಂದು. ಪಾಸ್ ಆಡುವಾಗ ಡಿಫೆನ್ಸ್ ಕಡೆ ಯಾವಾಗಲೂ ಒಬ್ಬ ಹೆಚ್ಚು ಇದ್ದೇ ಇರುತ್ತಾನೆ. ಆ ಹೆಚ್ಚಿನವನನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋದಷ್ಟೇ ಪ್ರಶ್ನೆ.

ಅವನು ಹಿಂದೆ ಆಳದಲ್ಲಿ, ಮಧ್ಯದಲ್ಲಿ ಒಬ್ಬನೇ ನಿಂತಿದ್ದರೆ ಅದು ಕವರ್ 1. ಉಳಿದವರೆಲ್ಲ ಒಬ್ಬೊಬ್ಬರನ್ನು ಹಿಡಿದಿರುತ್ತಾರೆ, ಇವನು ಎಲ್ಲರಿಗೂ ಕಾವಲು. ಹಿಂದೆ ಯಾರೂ ಇಲ್ಲ, ಅವನೂ ನಿಮ್ಮ ಮೇಲೇ ಬರುತ್ತಾನೆ ಅಂದರೆ ಅದು ಕವರ್ 0. ನಿಮ್ಮ ಮಗ ಕಳಿಸ್ತಾ ಇರೋದು ಎರಡರಲ್ಲಿ ಯಾವುದು? ಅದನ್ನು ನೋಡಿ ಬನ್ನಿ, ಆಮೇಲೆ ಪ್ಲೇ ವಿಷಯ ಮಾತಾಡೋಣ.

ಬಸವನಗುಡಿ ಬೆಳಗಿನ ಜಾವ

ಕ್ರಿಕೆಟ್‌ನಲ್ಲಿ ಸ್ಲಿಪ್‌ನಲ್ಲಿ ನಾಲ್ಕು ಜನ, ಶಾರ್ಟ್ ಲೆಗ್ ಒಬ್ಬ, ಸಿಲ್ಲಿ ಪಾಯಿಂಟ್ ಒಬ್ಬ ಇಟ್ಟ ಹಾಗೆ. ಔಟ್ ಆದರೆ ಆದ, ಇಲ್ಲಾಂದ್ರೆ ಬೌಂಡರಿ ಪೂರ್ತಿ ಖಾಲಿ. ಕವರ್ 0 ಅಂದ್ರೆ ಅದೇ ಅಲ್ವಾ?

(ನಾನು ಬೆಂಗಳೂರಲ್ಲೇ ಇರೋದು. ಸೂಪರ್ ಬೌಲ್, ಅಂದ್ರೆ ಸೀಸನ್ನಿನ ಫೈನಲ್, ಇಲ್ಲಿ ಸೋಮವಾರ ಬೆಳಿಗ್ಗೆ ಐದು ಗಂಟೆಗೆ ಶುರು. ಅವತ್ತು ಆಫೀಸಿಗೆ ಪ್ರತೀ ವರ್ಷ ಜ್ವರ.)

ಹಳೇ ಸೇಫ್ಟಿ

ಸರಿಯಾಗಿ ಹೇಳಿದಿರಿ. ಒಂದೇ ವ್ಯತ್ಯಾಸ, ಇಲ್ಲಿ ಬ್ಯಾಟ್ಸ್‌ಮನ್‌ಗೆ ಶಾಟ್ ಆಡೋಕೆ ಎರಡು, ಎರಡೂವರೆ ಸೆಕೆಂಡ್ ಅಷ್ಟೇ.

ಪ್ಲೇನೋ ಅಪ್ಪ

ನೋಡಿದೆ. ಹಿಂದೆ ಯಾರೂ ಇರಲ್ಲ. ಕೆಲವೊಮ್ಮೆ ಒಬ್ಬ ಇರ್ತಾನೆ. ಸ್ನ್ಯಾಪ್ ಆಗಿ ಆಟ ಶುರುವಾಗುವ ಹೊತ್ತಿಗೆ ಓಡಾಡ್ತಾ ಇರ್ತಾನೆ, ಸರಿಯಾಗಿ ಗೊತ್ತಾಗಲ್ಲ. ಮತ್ತೆ ನಾನು ಪಾಸ್ ಹಿಡಿಯಬಲ್ಲ ಐದೂ ಜನರನ್ನು ಪಾಸ್‌ಗೆ ಓಡಿಸುತ್ತೇನೆ, ಜಾಸ್ತಿ ಜನ ಓಡಿದರೆ ಒಬ್ಬನಾದರೂ ಸಿಗುತ್ತಾನೆ ಅಂತ. ಅದು ತಪ್ಪಾ?

ಎಡಿಸನ್ ಅಕ್ಕ

ತಪ್ಪು ಅಂತ ಅಲ್ಲ, ಆದರೆ ಲೆಕ್ಕ ನೋಡಿ. ಐದು ಜನ ಓಡಿದರೆ ತಡೆಯೋಕೆ ಉಳಿಯೋದು ಮುಂದೆ ಸಾಲಾಗಿ ನಿಂತ ಲೈನ್‌ನ ಐದು ಜನ ಮಾತ್ರ. ಅವನು ಆರು ಜನರನ್ನು ಕಳಿಸಿದರೆ ಒಬ್ಬನಿಗೆ ಕೆಂಪು ಹಾಸು. ಆ ಆರನೆಯವನನ್ನು ತಡೆಯೋದು ನಿಮ್ಮ ಲೈನ್ ಕೆಲಸ ಅಲ್ಲ, ಅದು ನಿಮ್ಮ ಕೈ ಕೆಲಸ. ಅವನು ಮುಟ್ಟುವ ಮೊದಲು ಚೆಂಡು ಹೋಗಿರಬೇಕು.

ನನ್ನ ಸಲಹೆ, ರನ್ನಿಂಗ್ ಬ್ಯಾಕ್‌ನ (ಚೆಂಡು ಹಿಡಿದು ಓಡುವವನು) ತಡೆಯೋಕೆ ಒಳಗೇ ಇಟ್ಟುಕೊಳ್ಳಿ. ಟೈಟ್ ಎಂಡ್‌ನೂ (ಲೈನ್ ಪಕ್ಕದಲ್ಲೇ ನಿಲ್ಲುವ ರಿಸೀವರ್) ಇಟ್ಟುಕೊಳ್ಳಿ ಬೇಕಾದ್ರೆ. ಏಳು ಜನ ತಡೆದರೆ ಉಸಿರಾಡೋಕೆ ಟೈಮ್ ಸಿಗುತ್ತೆ. ಹೊರಗೆ ಮೂರೇ ಜನ, ಪರವಾಗಿಲ್ಲ, ಅವರನ್ನು ಒಬ್ಬೊಬ್ಬರೇ ಹಿಡಿದಿರೋದು. ಒಳ್ಳೆ ರಿಸೀವರ್ ಇದ್ರೆ ಅವನು ಗೆದ್ದೇ ಗೆಲ್ತಾನೆ.

ಮಿಲ್ವಾಕಿ ಮೈಸೂರಿಗ

ಅಕ್ಕ, ಇದು ಒಪ್ಪಲ್ಲ. ನೀವು ಏಳು ಜನರನ್ನು ಒಳಗೆ ಇಟ್ಟರೆ ಆ ಇಬ್ಬರನ್ನು ಹಿಡಿದಿದ್ದ ಡಿಫೆಂಡರ್‌ಗಳು ಸುಮ್ನೆ ನಿಂತಿರ್ತಾರಾ? ತನ್ನವನು ಪಾಸ್‌ಗೆ ಹೋಗಲ್ಲ, ತಡೆಯೋಕೆ ನಿಂತ ಅಂತ ಕಂಡ ತಕ್ಷಣ ಅವರೂ ನುಗ್ತಾರೆ. ಆಗ ಏಳಕ್ಕೆ ಎಂಟು. ಮತ್ತೆ ಒಬ್ಬ ಹೆಚ್ಚು. ಲೆಕ್ಕ ಬದಲಾಗಲೇ ಇಲ್ಲ, ನೀವು ಇಬ್ಬರು ರಿಸೀವರ್‌ಗಳನ್ನು ಕಳಕೊಂಡ್ರಿ ಅಷ್ಟೇ.

ಎಡಿಸನ್ ಅಕ್ಕ

ಅವರು ನುಗ್ತಾರೆ ನಿಜ, ಆದರೆ ಒಂದು ಸೆಕೆಂಡ್ ತಡವಾಗಿ ನುಗ್ತಾರೆ ತಮ್ಮಾ. ಮೊದಲು ನೋಡಬೇಕು, ಆಮೇಲೆ ಹೊರಡಬೇಕು, ದಾರಿಯೂ ದೂರ. ಆ ಒಂದು ಸೆಕೆಂಡ್‌ಗೇ ನಾನು ಬಾಯಿ ಬಿಡ್ತಾ ಇರೋದು. 2008ರ ಫೆಬ್ರವರಿಯ ಸೂಪರ್ ಬೌಲ್ ನೆನಪಿದೆಯಾ? ನಾವು ಆಗಷ್ಟೇ ನ್ಯೂಜೆರ್ಸಿಗೆ ಬಂದಿದ್ದು, ಪಕ್ಕದ ಮನೆಯವರು ಕರೆದರು ಅಂತ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಕೊನೆಯಲ್ಲಿ 35 ಸೆಕೆಂಡ್ ಉಳಿದಿತ್ತು. ಪೇಟ್ರಿಯಾಟ್ಸ್ ಬ್ಲಿಟ್ಜ್ ಕಳಿಸಿದರು. ಹೊರಗಡೆ ಜೈಂಟ್ಸ್‌ನ ಪ್ಲಾಕ್ಸಿಕೋ ಬರೆಸ್ ಎದುರು ಎಲ್ಲಿಸ್ ಹಾಬ್ಸ್ ಒಬ್ಬನೇ. ಬರೆಸ್ ಮೊದಲು ಸ್ಲ್ಯಾಂಟ್ ಥರ ಒಳಗೆ ಕಾಲಿಟ್ಟ, ಹಾಬ್ಸ್ ಒಳಗೆ ಹಾರಿದ, ಬರೆಸ್ ಹೊರಗೆ ತಿರುಗಿ ಎಂಡ್ ಝೋನ್‌ನ ಮೂಲೆಗೆ ಹೋದ. ಈಲೈ ಮ್ಯಾನಿಂಗ್ ಆರಾಮಾಗಿ ಎತ್ತಿ ಹಾಕಿದ. 13 ಯಾರ್ಡ್ ಟಚ್‌ಡೌನ್. ಜೈಂಟ್ಸ್ 17, ಪೇಟ್ರಿಯಾಟ್ಸ್ 14. ಅಲ್ಲಿಯವರೆಗೆ ಆ ಸೀಸನ್ ಒಂದೂ ಸೋಲದೆ ಬಂದಿದ್ದ ತಂಡ ಅದು.

ಎತ್ತಿ ಹಾಕೋಕೆ ಅವನಿಗೆ ಹೊತ್ತು ಸಿಕ್ಕಿದ್ದಕ್ಕೆ ಆ ಪ್ಲೇ ಆಯ್ತು. ಡಬಲ್ ಮೂವ್‌ಗೆ ಟೈಮ್ ಬೇಕು.

ಹಳೇ ಸೇಫ್ಟಿ

ಇಬ್ಬರದೂ ನಿಜ. ಆದರೆ ಅಕ್ಕ ಹೇಳಿದ ಆಟದಲ್ಲಿ ನನಗೆ ಮುಖ್ಯ ಅನ್ನಿಸೋದು ಬೇರೆ. ಹಾಬ್ಸ್ ಯಾಕೆ ಒಳಗೆ ಹಾರಿದ? ಹಿಂದೆ ಕಾವಲು ಇರಲಿಲ್ಲ. ಕವರ್ 0ನಲ್ಲಿ ಕಾರ್ನರ್‌ಗೆ (ಹೊರಗಿನ ರಿಸೀವರ್‌ನ ಹಿಡಿಯುವ ಡಿಫೆಂಡರ್) ಎಲ್ಲಕ್ಕಿಂತ ಭಯ ಇರೋದು ಒಳಗಡೆ ಬೇಗ ಬೀಳುವ ಪಾಸ್‌ಗೆ. ಬ್ಲಿಟ್ಜ್ ಬಂದರೆ ಚೆಂಡು ಬೇಗ ಬರುತ್ತೆ ಅಂತ ಅವನಿಗೂ ಗೊತ್ತು. ಹಾಗಾಗಿ ಅವನು ರಿಸೀವರ್‌ನ ಒಳಗಡೆ ಭುಜದ ಮೇಲೆ ನಿಲ್ಲುತ್ತಾನೆ, ಸ್ಲ್ಯಾಂಟ್ ದಾರಿ ಮುಚ್ಚುತ್ತಾನೆ. ಹೊರಗಿನ ದಾರಿ ಬಿಟ್ಟುಕೊಡುತ್ತಾನೆ, ಯಾಕಂದ್ರೆ ಅಲ್ಲಿಗೆ ಎಸೆಯೋದು ದೂರ, ಕಷ್ಟ.

ಕವರ್ 1 ಆದರೆ ಇದು ಉಲ್ಟಾ. ಮಧ್ಯದಲ್ಲಿ ಆಳದ ಕಾವಲುಗಾರ ಸೇಫ್ಟಿ ಇದ್ದಾನೆ, ಒಳಗೆ ಹೋದರೆ ಅವನು ನೋಡಿಕೊಳ್ತಾನೆ ಅಂತ ಕಾರ್ನರ್ ಹೊರಗಡೆ ಭುಜದ ಮೇಲೆ ನಿಲ್ಲುತ್ತಾನೆ. ಆಗ ಒಳಗಿನ ದಾರಿ ನಿಮ್ಮದು.

ಅದಕ್ಕೇ ಹೇಳಿದ್ದು, ಸ್ಲ್ಯಾಂಟ್ ಎಲ್ಲ ರೋಗಕ್ಕೂ ಮದ್ದಲ್ಲ. ಡಿಫೆಂಡರ್ ಎಲ್ಲಿ ನಿಂತಿದ್ದಾನೋ ಅದಕ್ಕೆ ವಿರುದ್ಧ ದಿಕ್ಕಿಗೆ ಓಡೋ ಪ್ಲೇ ಬೇಕು. ಅವನು ಒಳಗೆ ನಿಂತಿದ್ದರೆ ಹೊರಗೆ ತಿರುಗೋ ಔಟ್, ಇಲ್ಲಾ ಹೊರಗಡೆ ಆಳಕ್ಕೆ ಓಡೋ ಫೇಡ್. ಹೊರಗೆ ನಿಂತಿದ್ದರೆ ಸ್ಲ್ಯಾಂಟ್. ಎಂಟು ಯಾರ್ಡ್ ದೂರ ನಿಂತಿದ್ದರೆ ಸುಮ್ನೆ ಐದು ಯಾರ್ಡ್ ಓಡಿ ತಿರುಗಿ ನಿಲ್ಲೋ ಹಿಚ್.

ಮಿಲ್ವಾಕಿ ಮೈಸೂರಿಗ

ಸರಿ, ಆದ್ರೆ ಒಂದು ಬಿಟ್ಟಿರಿ. ಕವರ್ 1ನಲ್ಲೂ ನಾಲ್ಕೇ ಜನ ನುಗ್ಗಿದರೆ ಒಬ್ಬ ಮಧ್ಯದಲ್ಲಿ ಅಡ್ಡಾಡ್ತಾ ಇರ್ತಾನಲ್ಲ?

ಹಳೇ ಸೇಫ್ಟಿ

ಹೌದು ಗುರು, ಅದೇ ದೊಡ್ಡ ತಲೆನೋವು. ಲೆಕ್ಕ ಮಾಡಿ. ನಾಲ್ಕು ಜನ ನುಗ್ಗಿದರು, ಐದು ಜನ ಐವರನ್ನು ಹಿಡಿದರು, ಒಬ್ಬ ಆಳದಲ್ಲಿ. ಒಟ್ಟು ಹತ್ತು. ಹನ್ನೊಂದನೆಯವನು? ಅವನು ಮಧ್ಯದಲ್ಲಿ ಆರೇಳು ಯಾರ್ಡ್ ಹಿಂದೆ ಕಳ್ಳಬೆಕ್ಕಿನ ಥರ ನಿಂತು ಕ್ವಾರ್ಟರ್‌ಬ್ಯಾಕ್ ಕಣ್ಣು ನೋಡ್ತಾ ಇರ್ತಾನೆ. ರಾಬರ್, ರ್‍ಯಾಟ್, ಏನೇನೋ ಹೆಸರು ಅವನಿಗೆ. ಸ್ಲ್ಯಾಂಟ್, ಅಡ್ಡ ಓಡೋ ಕ್ರಾಸಿಂಗ್ ರೂಟ್ ಎಲ್ಲ ಅವನ ಬಾಯಿಗೇ ಹೋಗಿ ಬೀಳೋದು.

ಐದನೆಯವನು ಬ್ಲಿಟ್ಜ್ ಬಂದರೆ ಆ ಬೆಕ್ಕು ಮಾಯ. ಐದು ನುಗ್ಗಿದರು, ಐದು ಹಿಡಿದರು, ಒಬ್ಬ ಆಳದಲ್ಲಿ. ಮುಗೀತು ಹನ್ನೊಂದು. ಮಧ್ಯ ಪೂರ್ತಿ ಖಾಲಿ. ಕ್ರಾಸಿಂಗ್ ರೂಟ್ ಆಗ ಹಬ್ಬ. ಅಂದ್ರೆ ವಿಚಿತ್ರ ನೋಡಿ, ಐದು ಜನ ಬಂದಾಗ ಮಧ್ಯದಲ್ಲಿ ಪಾಸ್ ಸುಲಭ, ನಾಲ್ಕು ಬಂದಾಗ ಕಷ್ಟ. ನಾನು ಕಾಲೇಜಿನಲ್ಲಿ ಹುಡುಗರ ಜೊತೆ ಆಡೋವಾಗ ಇದು ತಿಳೀದೆ ಎರಡು ವರ್ಷ ಇಂಟರ್‌ಸೆಪ್ಷನ್ (ಎದುರಾಳಿ ಕೈಗೇ ಪಾಸ್) ಕೊಟ್ಟಿದ್ದೇನೆ. ಆಮೇಲೆ ಕೋಚ್ ನನ್ನನ್ನು ಸೇಫ್ಟಿ ಮಾಡಿದ್ದು, ಹೆಸರಿಗೆ ಕಾರಣ ಅದೇ.

ಪ್ಲೇನೋ ಅಪ್ಪ

ತಲೆ ತಿರುಗ್ತಾ ಇದೆ, ಆದರೆ ಅರ್ಥ ಆಗ್ತಾ ಇದೆ. ಒಂದು ಪ್ರಶ್ನೆ. ಅದು ಮ್ಯಾನ್ ಕವರೇಜ್ ಅಂತ ಸ್ನ್ಯಾಪ್‌ಗೆ ಮೊದಲೇ ಹೇಗೆ ಗೊತ್ತಾಗೋದು?

ಫ್ಲ್ಯಾಗ್ ಕೋಚ್ ಬೇ ಏರಿಯಾ

ಮೋಷನ್. ಒಬ್ಬ ರಿಸೀವರ್‌ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿಸಿ. ಎದುರಿದ್ದವನು ಅವನ ಹಿಂದೆಯೇ ಓಡಿ ಬಂದರೆ ಬಹುಪಾಲು ಮ್ಯಾನ್. ಎಲ್ಲರೂ ಒಂದೊಂದು ಹೆಜ್ಜೆ ಸರಿದುಕೊಂಡರೆ ಝೋನ್, ಅಂದರೆ ಆಳನ್ನಲ್ಲ, ಜಾಗ ಕಾಯೋದು. ಇನ್ನೊಂದು, ರನ್ನಿಂಗ್ ಬ್ಯಾಕ್‌ನ ಹೊರಗಡೆ ಕಾರ್ನರ್ ಜಾಗದಲ್ಲಿ ನಿಲ್ಲಿಸಿ. ಅವನ ಎದುರಿಗೆ ದಪ್ಪ ಲೈನ್‌ಬ್ಯಾಕರ್ (ಲೈನ್ ಹಿಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್) ಹೊರಗೆ ಬಂದು ನಿಂತರೆ ಮ್ಯಾನ್, ಕಾರ್ನರ್ ಅಲ್ಲೇ ಇದ್ದರೆ ಝೋನ್ ಇರಬಹುದು. ಕಾರ್ನರ್‌ಗಳ ಕಣ್ಣೂ ಹೇಳುತ್ತೆ. ಮ್ಯಾನ್ ಆದರೆ ರಿಸೀವರ್‌ನ ಸೊಂಟ ನೋಡ್ತಾರೆ, ಝೋನ್ ಆದರೆ ಕ್ವಾರ್ಟರ್‌ಬ್ಯಾಕ್ ಕಡೆ ನೋಡ್ತಾರೆ.

ಮೋಷನ್ ಬರೀ ಪತ್ತೆ ಮಾಡೋಕೆ ಅಲ್ಲ. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಚೀಫ್ಸ್ ಈಗಲ್ಸ್‌ಗೆ ಏನು ಮಾಡಿದರು ನೋಡಿ. ನಾಲ್ಕನೇ ಕ್ವಾರ್ಟರ್. ರಿಸೀವರ್ ಹೊರಗಿಂದ ಒಳಗೆ ಮೋಷನ್ ಶುರು ಮಾಡಿದ. ಆ ಕಡೆ ದಾಟುತ್ತಾನೆ ಅಂತ ಡಿಫೆನ್ಸ್‌ನವರು ನೀನು ಹಿಡಿ, ನಾನು ಬಿಡ್ತೀನಿ ಅಂತ ಕೈ ಬದಲಾಯಿಸಿಕೊಂಡರು. ಅವನು ಅರ್ಧದಲ್ಲೇ ಬ್ರೇಕ್ ಹಾಕಿ ಬಂದ ದಾರಿಗೇ ವಾಪಸ್. ಸುತ್ತ ಒಬ್ಬನೂ ಇಲ್ಲ. ಕಡೇರಿಯಸ್ ಟೋನಿಗೆ ಒಂದು ಟಚ್‌ಡೌನ್. ಸ್ವಲ್ಪ ಹೊತ್ತಿಗೆ ಅದೇ ಪ್ಲೇ ಇನ್ನೊಂದು ಕಡೆಗೆ, ಸ್ಕೈ ಮೂರ್‌ಗೆ ಇನ್ನೊಂದು. 38-35ಕ್ಕೆ ಗೆದ್ದರು. ಯಾರನ್ನೂ ಓಟದಲ್ಲಿ ಸೋಲಿಸಲಿಲ್ಲ, ಜಗಳ ತಂದಿಟ್ಟರು ಅಷ್ಟೇ.

ಬಸವನಗುಡಿ ಬೆಳಗಿನ ಜಾವ

ಅದನ್ನು ನೋಡಿ ಕಾಫಿ ಚೆಲ್ಲಿಕೊಂಡಿದ್ದೆ. ಎರಡನೇ ಸಲವೂ!

ತೀರ್ಥಹಳ್ಳಿ ಟು ಟೆಕ್

ಇಷ್ಟೆಲ್ಲ ಮಾತಾಡಿ ಯಾರೂ ಮೆಶ್ ಹೆಸರು ಹೇಳಲಿಲ್ಲವಲ್ಲ ಮಾರಾಯ್ರೆ. ನಾನು ಲಬ್ಬಕ್‌ನಲ್ಲಿ ಓದಿದವನು, ಮೈಕ್ ಲೀಚ್ ಟೆಕ್ಸಾಸ್ ಟೆಕ್‌ನಲ್ಲಿ ಕೋಚ್ ಆಗಿದ್ದ ಕಾಲದಲ್ಲಿ (2000ರಿಂದ 2009). ಅವರ ಪಾಸ್ ಆಟದ ಪದ್ಧತಿ ಏರ್ ರೇಡ್ ಅಂದರೆ ಮೆಶ್, ಮೆಶ್ ಅಂದರೆ ಏರ್ ರೇಡ್. ಲೀಚ್ ಮತ್ತು ಅವರ ಜೊತೆ ಕೋಚ್ ಆಗಿದ್ದ ಹ್ಯಾಲ್ ಮಮ್ಮಿ ಅದನ್ನು ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿಯ ಆಟ ನೋಡಿ ಕಲಿತದ್ದು.

ಪ್ಲೇ ಇಷ್ಟೇ. ಇಬ್ಬರು ರಿಸೀವರ್‌ಗಳು ಎರಡು ಕಡೆಯಿಂದ ಐದಾರು ಯಾರ್ಡ್ ಆಳದಲ್ಲಿ ಅಡ್ಡ ಓಡ್ತಾರೆ. ಮಧ್ಯದಲ್ಲಿ ಎದುರುಬದುರು ದಾಟುವಾಗ ಕೈಗೆ ಕೈ ತಟ್ಟುವಷ್ಟು ಹತ್ತಿರ. ಅವರ ಹಿಂದೆ ಓಡಿ ಬರ್ತಾ ಇರೋ ಡಿಫೆಂಡರ್‌ಗಳು ಏನು ಮಾಡಬೇಕು? ಇಬ್ಬರೂ ಒಂದೇ ಕಿರುದಾರಿಯಲ್ಲಿ ಎದುರಿನಿಂದ ಬಂದ ಸೈಕಲ್‌ಗಳ ಥರ. ಒಬ್ಬ ನಿಲ್ಲಬೇಕು, ಇಲ್ಲಾ ಸುತ್ತಿಕೊಂಡು ಹೋಗಬೇಕು. ಅಷ್ಟರಲ್ಲಿ ನಮ್ಮವನು ಎರಡು ಹೆಜ್ಜೆ ಮುಂದೆ. ಮ್ಯಾನ್ ಆದರೆ ಓಡ್ತಾನೇ ಇರಬೇಕು, ಝೋನ್ ಆದರೆ ಖಾಲಿ ಜಾಗ ನೋಡಿ ನಿಂತುಬಿಡಬೇಕು. ಹಾಗಾಗಿ ಡಿಫೆನ್ಸ್ ಯಾವುದು ಅಂತ ತಪ್ಪು ಊಹೆ ಮಾಡಿದರೂ ಪ್ಲೇ ಪೂರ್ತಿ ಹಾಳಾಗಲ್ಲ. ಅದಕ್ಕೇ ನನಗೆ ಇಷ್ಟ.

ಜೊತೆಗೆ ರನ್ನಿಂಗ್ ಬ್ಯಾಕ್ ಪಕ್ಕದಿಂದ ವ್ಹೀಲ್ (ಮೊದಲು ಹೊರಗೆ, ಆಮೇಲೆ ನೇರ ಮುಂದೆ) ಓಡಿದರೆ ಅವನನ್ನು ಹಿಡಿದ ಲೈನ್‌ಬ್ಯಾಕರ್ ಈ ಗುಂಪಿನ ಮಧ್ಯದಿಂದ ತೂರಿಕೊಂಡು ಬರಬೇಕು. ಬರೋದು ಡೌಟು.

ಎಡಿಸನ್ ಅಕ್ಕ

ಅದು ಪಿಕ್ ಅಲ್ವಾ? ಅಡ್ಡ ನಿಲ್ಲೋದು ಫೌಲ್ ಅಂತಾರೆ.

ತೀರ್ಥಹಳ್ಳಿ ಟು ಟೆಕ್

ಅಡ್ಡ ಓಡೋದು ಫೌಲ್ ಅಲ್ಲ, ಅಡ್ಡ ಬಂದು ಗುದ್ದೋದು ಫೌಲ್. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಚೆಂಡು ಇಟ್ಟ ಗೆರೆಯಿಂದ ಒಂದು ಯಾರ್ಡ್ ಒಳಗೆ ರಿಸೀವರ್ ತಡೆಯಬಹುದು. ಅದರಾಚೆ ಪಾಸ್ ಮುಟ್ಟುವ ಮೊದಲು ತಡೆದರೆ ಹತ್ತು ಯಾರ್ಡ್ ದಂಡ. ರೆಫರಿ ನೋಡಿದರೆ. "ನಾನು ನನ್ನ ದಾರೀಲಿ ಓಡ್ತಾ ಇದ್ದೆ, ಅವನೇ ಬಂದು ಬಿದ್ದ" ಅನ್ನೋ ಮುಖ ಮಾಡೋದು ಒಂದು ಕಲೆ.

ಹಳೇ ಸೇಫ್ಟಿ

ಈಗ ಆ ಕಣ್ಣು ಮುಚ್ಚಿದ ಸ್ಲ್ಯಾಂಟ್ ಕತೆ ಹೇಳ್ತೀನಿ. ಒಂದಲ್ಲ, ಎರಡಿವೆ. ಎರಡೂ ಫೆಬ್ರವರಿ 1ನೇ ತಾರೀಖು, ಎರಡೂ ಸೂಪರ್ ಬೌಲ್, ಎರಡೂ ಒಂದೇ ಯಾರ್ಡ್ ಬಾಕಿ ಇದ್ದಾಗ.

ಮೊದಲನೆಯದು 2009, ಟ್ಯಾಂಪಾ. ಅರಿಜೋನಾ ಕಾರ್ಡಿನಲ್ಸ್ ಮೊದಲಾರ್ಧದ ಕೊನೆಯಲ್ಲಿ ಗೋಲ್ ಗೆರೆಯ ಹತ್ತಿರ. ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಬ್ಲಿಟ್ಜ್ ಬರುವ ಹಾಗೆ ಗೆರೆಯ ಮೇಲೆ ನಿಂತಿದ್ದ. ಕಾರ್ಡಿನಲ್ಸ್ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಒಳಗಡೆ ಆನ್‌ಕ್ವಾನ್ ಬೋಲ್ಡಿನ್‌ಗೆ ಬೇಗ ಎಸೆದರು, ಪುಸ್ತಕದಲ್ಲಿ ಇರುವ ಹಾಗೆಯೇ. ಹ್ಯಾರಿಸನ್ ಮುಂದೆ ಬರುವ ಥರ ಮಾಡಿ ಹಿಂದೆ ಸರಿದಿದ್ದ. ಚೆಂಡು ಅವನ ಎದೆಗೇ ಬಂತು. 100 ಯಾರ್ಡ್ ಓಡಿ ಆ ಕಡೆ ಟಚ್‌ಡೌನ್ ಮಾಡಿದ. ಮ್ಯಾಚ್ ಮುಗಿದಾಗ ಸ್ಟೀಲರ್ಸ್ 27, ಕಾರ್ಡಿನಲ್ಸ್ 23. ಆ ಒಂದು ಪಾಸ್ ತೆಗೆದು ಲೆಕ್ಕ ಹಾಕಿ.

ಎರಡನೆಯದು 2015, ಗ್ಲೆಂಡೇಲ್. ಸೀಹಾಕ್ಸ್‌ಗೆ ಗೆಲ್ಲೋಕೆ ಒಂದು ಯಾರ್ಡ್, ಅರ್ಧ ನಿಮಿಷಕ್ಕಿಂತ ಕಡಿಮೆ. ಇಬ್ಬರು ರಿಸೀವರ್‌ಗಳನ್ನು ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿದರು. ಮುಂದಿನವನು, ಕರ್ಸ್, ದಾರಿಗೆ ಅಡ್ಡ ಬರಬೇಕು, ಹಿಂದಿನವನು, ಲಾಕೆಟ್, ಅವನ ಹಿಂದಿನಿಂದ ಸ್ಲ್ಯಾಂಟ್. ಮ್ಯಾನ್ ಕವರೇಜ್‌ಗೆ ಸರಿಯಾದ ಪ್ಲೇ. ಆದರೆ ಪೇಟ್ರಿಯಾಟ್ಸ್‌ನ ಬ್ರ್ಯಾಂಡನ್ ಬ್ರೌನರ್ ಕರ್ಸ್‌ನ ಎದೆಗೆ ಕೈ ಕೊಟ್ಟು ಅಲ್ಲೇ ನಿಲ್ಲಿಸಿಬಿಟ್ಟ. ಅಡ್ಡ ಬರುವವನೇ ಬರಲಿಲ್ಲ. ಹಿಂದಿದ್ದ ಮಾಲ್ಕಮ್ ಬಟ್ಲರ್‌ಗೆ ದಾರಿ ಸಲೀಸು, ಲಾಕೆಟ್‌ಗಿಂತ ಮೊದಲು ಹೋಗಿ ಚೆಂಡು ಕಿತ್ತುಕೊಂಡ. ಪ್ರಾಕ್ಟೀಸ್‌ನಲ್ಲಿ ಇದೇ ಪ್ಲೇಗೆ ಬಟ್ಲರ್ ಒಮ್ಮೆ ಸೋತಿದ್ದ, ಅದಕ್ಕೇ ಗುರುತು ಹಿಡಿದ. ಪೇಟ್ರಿಯಾಟ್ಸ್ 28, ಸೀಹಾಕ್ಸ್ 24.

ಎಲ್ಲರೂ ಬಟ್ಲರ್ ಹೆಸರು ಹೇಳ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಬ್ರೌನರ್‌ದು.

ಮಿಲ್ವಾಕಿ ಮೈಸೂರಿಗ

ಆ ಪ್ಲೇ ತಪ್ಪು ಅಂತ ಇವತ್ತಿಗೂ ಬೈಯ್ತಾರೆ ಜನ, ರನ್ನಿಂಗ್ ಬ್ಯಾಕ್ ಮಾರ್ಶಾನ್ ಲಿಂಚ್ ಕೈಗೆ ಕೊಡಬೇಕಿತ್ತು ಅಂತ. ನಾನೂ ಬೈತೀನಿ. ಆದ್ರೆ ಸರಿ, ಸ್ಲ್ಯಾಂಟ್ ಬಗ್ಗೆ ಸ್ವಲ್ಪ ಹಿಂದೆ ಸರಿಯುತ್ತೇನೆ, ಹ್ಯಾರಿಸನ್ ಥರ.

ಪ್ಲೇನೋ ಅಪ್ಪ

ಹ್ಯಾರಿಸನ್ ಮಾಡಿದ್ದನ್ನು ನನ್ನ ಮಗನೂ ಮಾಡ್ತಾನೆ! ಮುಂದೆ ನಿಂತ ಲೈನ್‌ಬ್ಯಾಕರ್‌ನ ತಾನೇ ಆಡಿಸ್ತಾನೆ, ಬರುವ ಹಾಗೆ ಮಾಡಿ ಹಿಂದೆ ಸರಿದು ನನ್ನ ಸ್ಲ್ಯಾಂಟ್ ಹಿಡೀತಾನೆ. ಹಾಗಾದ್ರೆ ಬ್ಲಿಟ್ಜ್ ನಿಜವಾಗಿ ಬರುತ್ತಾ ಇಲ್ವಾ ಅಂತ ಹೇಗೆ ನಂಬೋದು?

ಹಳೇ ಸೇಫ್ಟಿ

ಪೂರ್ತಿ ನಂಬೋಕೆ ಆಗಲ್ಲ. ಈಗಿನ ಡಿಫೆನ್ಸ್‌ಗಳ ಆಟವೇ ಅದು. ಕೋಚ್ ಬ್ರಯನ್ ಫ್ಲೋರೆಸ್ ಮಯಾಮಿಯಲ್ಲಿದ್ದಾಗ, 2021ರ ನವೆಂಬರ್‌ನಲ್ಲಿ, ರೇವನ್ಸ್ ಮೇಲೆ ರಾತ್ರಿಯೆಲ್ಲ ಕವರ್ 0 ತೋರಿಸಿದರು. ಸೇಫ್ಟಿಗಳನ್ನೂ ಮುಂದೆ ಕಳಿಸಿದರು. ಲಾಮಾರ್ ಜ್ಯಾಕ್ಸನ್‌ನಂಥ ಆಟಗಾರನಿಗೂ ಉತ್ತರ ಸಿಗಲಿಲ್ಲ, 22-10ಕ್ಕೆ ಸೋತರು. ಆಮೇಲೆ ಅದೇ ಫ್ಲೋರೆಸ್ ಮಿನ್ನೆಸೋಟಕ್ಕೆ ಹೋಗಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆರು ಜನರನ್ನು ಗೆರೆಯ ಮೇಲೆ ನಿಲ್ಲಿಸೋದು, ಒಮ್ಮೆ ಆರೂ ಜನ ಬರೋದು, ಇನ್ನೊಮ್ಮೆ ಮೂವರು ಮಾತ್ರ ಬಂದು ಎಂಟು ಜನ ಹಿಂದೆ ಹೋಗೋದು. ಎರಡೂ ಸ್ನ್ಯಾಪ್‌ಗೆ ಮೊದಲು ಒಂದೇ ಥರ ಕಾಣುತ್ತೆ.

ಹಾಗಾಗಿ ಎಸೆಯುವ ಮೊದಲು ಒಬ್ಬನನ್ನು ಮಾತ್ರ ನೋಡಿ. ನೀವು ಎಸೆಯಬೇಕಾದ ಜಾಗದ ಎದುರಿಗೆ ನಿಂತವನು. ಅವನ ಸೊಂಟ ಮುಂದೆ ಬಂತಾ, ಎಸೀರಿ. ಹಿಂದೆ ತಿರುಗಿತಾ, ಅಲ್ಲಿ ಬೇಡ, ಎರಡನೆಯವನಿಗೆ. ಎಲ್ಲರನ್ನೂ ನೋಡೋಕೆ ಹೋದರೆ ಯಾರೂ ಕಾಣಲ್ಲ.

ಫ್ಲ್ಯಾಗ್ ಕೋಚ್ ಬೇ ಏರಿಯಾ

ಇದನ್ನೇ ನಾನು ಹತ್ತು ವರ್ಷದ ಮಕ್ಕಳಿಗೆ ಹೇಳೋದು. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ (ಗುದ್ದಿ ಬೀಳಿಸದೆ ಸೊಂಟದ ಪಟ್ಟಿ ಕಿತ್ತುಕೊಳ್ಳೋ ಆಟ) ಲೆಕ್ಕ ಇನ್ನೂ ಸುಲಭ. ಐದು ಜನಕ್ಕೆ ಐದು ಜನ. ನಮ್ಮ ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ನಾಲ್ವರು ಪಾಸ್‌ಗೆ ಓಡ್ತಾರೆ, ಚೆಂಡು ಕೊಟ್ಟ ಸೆಂಟರ್ ಹುಡುಗಿಯೂ ಸೇರಿ. ಅವರಲ್ಲಿ ಒಬ್ಬ ನುಗ್ಗಿದರೆ ಉಳಿದ ನಾಲ್ವರು ನಾಲ್ವರನ್ನು ಹಿಡೀಬೇಕು, ಹಿಂದೆ ಕಾವಲಿಲ್ಲ. ಅಂದ್ರೆ ಮ್ಯಾನ್ ಆಡಿ ಒಬ್ಬನನ್ನು ಕಳಿಸಿದರೆ ಅದು ಯಾವಾಗಲೂ ಕವರ್ 0. ನುಗ್ಗುವವನು ಏಳು ಯಾರ್ಡ್ ಹಿಂದಿನಿಂದ ಹೊರಡಬೇಕು ಅನ್ನೋದೊಂದೇ ನಮ್ಮ ಪುಣ್ಯ. ಅಡ್ಡ ನಿಂತು ತಡೆಯೋ ಹಾಗಿಲ್ಲ, ಆದ್ದರಿಂದ ಮೆಶ್ ಆಡಿಸುವಾಗ ಒಬ್ಬರನ್ನು ನಾಲ್ಕು ಯಾರ್ಡ್, ಇನ್ನೊಬ್ಬರನ್ನು ಏಳು ಯಾರ್ಡ್‌ಗೆ ಓಡಿಸ್ತೀನಿ, ಮಕ್ಕಳು ಡಿಕ್ಕಿ ಹೊಡೀಬಾರದಲ್ಲ.

ಸೆಂಟರ್ ಹುಡುಗಿಯನ್ನು ಎಲ್ಲರೂ ಮರೀತಾರೆ. ಐದು ಯಾರ್ಡ್ ಹೋಗಿ ತಿರುಗು ಅಂತೀನಿ, ಆಟಕ್ಕೆ ಎರಡು ಸಲ ಅವಳು ಒಬ್ಬಳೇ ನಿಂತಿರ್ತಾಳೆ.

ಅಂದ ಹಾಗೆ ಇದು ಒಲಿಂಪಿಕ್ಸ್‌ಗೂ ಬರ್ತಾ ಇದೆ, 2028 ಲಾಸ್ ಏಂಜಲೀಸ್. ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಸಭೇಲಿ, ಕ್ರಿಕೆಟ್ ಜೊತೆಗೇ. ನಮ್ಮ ಮನೇಲಿ ಅವತ್ತು ಡಬಲ್ ಹಬ್ಬ.

ಬಸವನಗುಡಿ ಬೆಳಗಿನ ಜಾವ

ಸ್ಕ್ರೀನ್ ಪಾಸ್ ಯಾರೂ ಹೇಳಲಿಲ್ಲ? ನುಗ್ಗೋರನ್ನು ನುಗ್ಗೋಕೆ ಬಿಟ್ಟು ಅವರ ತಲೆ ಮೇಲಿಂದ ಎಸೆಯೋದು.

ತೀರ್ಥಹಳ್ಳಿ ಟು ಟೆಕ್

ಝೋನ್ ಬ್ಲಿಟ್ಜ್‌ಗೆ, ಜೋರಾಗಿ ನುಗ್ಗೋ ಲೈನ್‌ಗೆ ಸ್ಕ್ರೀನ್ ಚೆನ್ನ. ಮ್ಯಾನ್‌ನಲ್ಲಿ ಸ್ವಲ್ಪ ಹುಷಾರು. ರನ್ನಿಂಗ್ ಬ್ಯಾಕ್‌ನ ಹಿಡಿದವನು ಅವನನ್ನೇ ನೋಡ್ತಾ ಇರ್ತಾನೆ, ಸ್ಕ್ರೀನ್ ಹೊರಟ ಕೂಡಲೇ ಎದೆಗೆ ಎದೆ ಕೊಟ್ಟು ನಿಲ್ತಾನೆ. ಹೊರಗಿನ ರಿಸೀವರ್‌ನ ಒಳಕ್ಕೆ ಕರೆದು ಕೊಡೋ ಟನಲ್ ಸ್ಕ್ರೀನ್ ವಾಸಿ.

ಪ್ಲೇನೋ ಅಪ್ಪ

ಎಲ್ಲರಿಗೂ ವರದಿ. ನಿನ್ನೆ ರಾತ್ರಿ ಆಡಿದೆ.

ಮೊದಲ ಎರಡು ಸಲ ಎಣಿಸ್ತಾ ಎಣಿಸ್ತಾ ಟೈಮ್ ಮುಗಿದು ದಂಡ ಬಿತ್ತು. "ಅಪ್ಪಾ, ಪರೀಕ್ಷೆ ಬರೀತಾ ಇದ್ದೀಯಾ?" ಅಂದ. ಮೂರನೇ ಸಲ ಬಂಚ್ ಹಾಕಿದೆ, ಮೂವರು ಒಂದು ಕಡೆ ಗುಂಪಾಗಿ. ಒಬ್ಬನನ್ನು ಮೋಷನ್‌ನಲ್ಲಿ ಓಡಿಸಿದೆ, ಕಾರ್ನರ್ ಹಿಂದೆಯೇ ಓಡಿ ಬಂದ. ಮ್ಯಾನ್. ಹಿಂದೆ ನೋಡಿದೆ, ಒಬ್ಬ ಸೇಫ್ಟಿ. ಮುಂದೆ ಐದು ಜನ. ಅಂದರೆ ಬೆಕ್ಕು ಇಲ್ಲ. ಮೆಶ್ ಆಡಿದೆ. ಟೈಟ್ ಎಂಡ್ ಒಬ್ಬನೇ ಓಡ್ತಾ ಇದ್ದ, ಹಿಂದೆ ಇದ್ದವನು ಗುಂಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. 22 ಯಾರ್ಡ್! ಹೆಂಡತಿ ಎದ್ದು ಬಂದು ನೋಡಿದಳು.

ಆಮೇಲೆ ಮಗ ಹುಷಾರಾದ. ನಾಲ್ವರನ್ನೇ ಕಳಿಸಿದ, ಬೆಕ್ಕನ್ನು ತಾನೇ ಆಡಿಸೋಕೆ ಶುರು ಮಾಡಿದ. ನಾನು ಮತ್ತೆ ಮೆಶ್ ಎಸೆದೆ. ಬೆಕ್ಕಿನ ಬಾಯಿಗೆ. ಹೇಳಿದ್ದಿರಿ, ಆದರೂ ಎಸೆದೆ. ಒಟ್ಟು ಸ್ಕೋರು 31-17, ಅವನದೇ ಗೆಲುವು. ಸ್ಯಾಕ್ ಮಾತ್ರ ಮೂರಕ್ಕೆ ಇಳೀತು.

ಎಡಿಸನ್ ಅಕ್ಕ

ಒಂಬತ್ತರಿಂದ ಮೂರು! ಅವನು ನಾಲ್ವರನ್ನೇ ಕಳಿಸೋ ಹಾಗೆ ಮಾಡಿದಿರಲ್ಲ, ಅದೇ ದೊಡ್ಡದು. ಇನ್ನು ನಾಲ್ವರು ಬಂದಾಗ ನನ್ನ ಮಾತು ಕೇಳಿ, ಟೈಮ್ ಇರುತ್ತೆ, ಹೊರಗೆ ಹೋಗಿ.

ಹಳೇ ಸೇಫ್ಟಿ

ಹೌದು. ಬೆಕ್ಕು ಮಧ್ಯದಲ್ಲಿದ್ದರೆ ಅದನ್ನು ಅಲ್ಲೇ ಕಟ್ಟಿಹಾಕಿ. ಒಬ್ಬನನ್ನು ಮಧ್ಯದಲ್ಲಿ ಐದು ಯಾರ್ಡ್‌ಗೆ ಓಡಿಸಿ, ಮಗ ಅವನನ್ನು ಹಿಡಿಯೋಕೆ ಬರ್ತಾನೆ. ಆಗ ಅದರ ಹಿಂದೆ ಹದಿನೈದು ಯಾರ್ಡ್‌ನಲ್ಲಿ ಇನ್ನೊಬ್ಬ ಅಡ್ಡ ಬರಲಿ. ಇಲ್ಲಾ ಹೊರಗಡೆ ಮೂಲೆಗೆ ಓಡೋ ಕಾರ್ನರ್ ರೂಟ್, ಸೇಫ್ಟಿ ಮಧ್ಯದಿಂದ ಅಲ್ಲಿಗೆ ಬರೋಕೆ ತುಂಬಾ ದೂರ.

ಮಿಲ್ವಾಕಿ ಮೈಸೂರಿಗ

ಅದಕ್ಕೂ ಅವನು ಏನೋ ಕಂಡುಹಿಡೀತಾನೆ ನೋಡಿ. ಹದಿಮೂರು ವರ್ಷ ಅಂದ್ರಿ ಅಲ್ವಾ.

ಪ್ಲೇನೋ ಅಪ್ಪ

ಕಂಡುಹಿಡಿದಾಯ್ತು. ಈಗ ತಾನೇ ಪಕ್ಕದಲ್ಲಿ ಬಂದು ನಿಂತು "ಏನಪ್ಪಾ ಅಷ್ಟು ಹೊತ್ತಿಂದ ಓದ್ತಾ ಇದ್ದೀಯಾ" ಅಂದ. ಅವನಿಗೆ ಕನ್ನಡ ಓದೋಕೆ ಬರಲ್ಲ ಅಂತ ಧೈರ್ಯವಾಗಿದ್ದೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಾಗುಣಿತ ಮುಗಿಸಿದ್ದಾನೆ ಅನ್ನೋದು ಮರೆತೇ ಹೋಗಿತ್ತು. "ಬೆ... ಕ್ಕು" ಅಂತ ಓದಿ, "ಯಾವ ಬೆಕ್ಕು ಅಪ್ಪಾ?" ಅಂತ ಕೇಳ್ತಾ ಇದ್ದಾನೆ. ಶನಿವಾರದೊಳಗೆ ಬೇರೆ ಹೆಸರು ಇಟ್ಟುಕೊಳ್ಳೋಣ.